ಆರನೆಯ ರೆಕ್ಕೆ

ಹೆಸರು ಮಕ್ಸೂದ್, ತಂದೆ ಫಾಜಿಲ್ ಸಾಬ್, ವಯಸ್ಸು 47 ವರ್ಷ, ಮುಸ್ಲಿಂ ಜನಾಂಗ, ಪಂಪ್‌ಸೆಟ್ ಮತ್ತು ಎಂಜಿನ್ ರಿಪೇರಿ ಕೆಲಸ, ವಾಸ ಹುಳಿಯಾರು ರಸ್ತೆ, ಹಿರಿಯೂರು. ದಿನಾಂಕ 26-07-2025ರಂದು ಬೆಳಿಗ್ಗೆ 10-15 ಗಂಟೆಗೆ, ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಬರೆಸುತ್ತಿರುವ ಎರಡನೆಯ ಹೇಳಿಕೆ ಏನೆಂದರೆ:

ಈ ತಿಂಗಳ 14ರಂದು ಹಿನ್ನೀರಿನಲ್ಲಿ ಮಗುಚಿದ ದೋಣಿಯ ಎಂಜಿನ್ ನೋಡಿ, 16ರಂದು ನಾನು ಅಭಿಪ್ರಾಯ ಬರೆದುಕೊಟ್ಟಿರುತ್ತೇನೆ. ಎಂಜಿನ್ ಬಿಸಿಯಾಗಿ ನಿಂತದ್ದು ದೋಣಿ ನಡೆಸುತ್ತಿದ್ದ ಯತ್ತಪ್ಪನ ಅಜಾಗರೂಕತೆಯಿಂದ ಎಂದು ಅದರಲ್ಲಿದೆ. ಅದು ಸುಳ್ಳು.

ಯತ್ತಪ್ಪನಿಗೆ ಸುಮಾರು 38 ವರ್ಷ. ಹೊಸದುರ್ಗ ತಾಲ್ಲೂಕಿನ ಕಡೆಯ ದಡದಲ್ಲಿರುವ ತುಪ್ಪದಹಟ್ಟಿಯವನು, ಕುರಿ ಸಾಕುವವನು. ಹಿನ್ನೀರು ಏರಿ ಹಟ್ಟಿಯ ದಾರಿ ಮುಳುಗಿದ ಮೇಲೆ ಹದಿನೆಂಟು ಅಡಿಯ ಫೈಬರ್ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದನು. ನೀರಿನ ಮೇಲೆ 1.8 ಕಿಲೋಮೀಟರ್, ರಸ್ತೆ ಸುತ್ತಿದರೆ 31 ಕಿಲೋಮೀಟರ್ ಆಗುತ್ತದೆ. ದೋಣಿಯ ಎಂಜಿನ್ ಕಡಲ ಕಡೆಯಿಂದ ತಂದ ಹಳೆಯದು. ಹಿರಿಯೂರಿನಲ್ಲಿ ಅಂಥದ್ದನ್ನು ಮುಟ್ಟುವವನು ನಾನೊಬ್ಬನೇ. ಎರಡು ವರ್ಷದಿಂದ ಅವನು ನನ್ನಲ್ಲಿಗೇ ತರುತ್ತಿದ್ದನು.

11-07-2025 ಶುಕ್ರವಾರ ಬೆಳಿಗ್ಗೆ 10-30ಕ್ಕೆ ಯತ್ತಪ್ಪ ಎಂಜಿನ್ನನ್ನು ಲಗೇಜ್ ಆಟೋದಲ್ಲಿ ತಂದು, ಹಿಂದಿನ ತೂತಿನಿಂದ ನೀರು ಸರಿಯಾಗಿ ಬರುತ್ತಿಲ್ಲ, ಎಂಜಿನ್ ಮುಟ್ಟಿದರೆ ಕೈ ಸುಡುತ್ತದೆ ಎಂದು ತಿಳಿಸಿದನು. ಈ ಎಂಜಿನ್ ತಾನು ನಿಂತಿರುವ ನೀರನ್ನೇ ಕೆಳಗಿನಿಂದ ಹೀರಿಕೊಂಡು, ಮೈಯೊಳಗೆಲ್ಲ ಹರಿಸಿ ತಣ್ಣಗಿರುತ್ತದೆ. ನೀರು ಎತ್ತುವುದು ಕೆಳಗಿರುವ ಒಂದು ಚಿಕ್ಕ ರಬ್ಬರ್ ಚಕ್ರ. ಅದಕ್ಕೆ ಆರು ರೆಕ್ಕೆ. ಎತ್ತಿದ ನೀರಿನಲ್ಲಿ ಸ್ವಲ್ಪ ಭಾಗ ಹಿಂದಿನ ತೂತಿನಿಂದ ಪೆನ್ಸಿಲ್ ದಪ್ಪದ ಎಳೆಯಾಗಿ ಹೊರಗೆ ಬೀಳುತ್ತದೆ.

ನಾನು ಕೆಳಭಾಗ ಬಿಚ್ಚಿದಾಗ ನೀರು ಹೀರುವ ಕಿಂಡಿಗಳಲ್ಲಿ ಒಂದು ಹಿಡಿಯಷ್ಟು ಕುರಿ ಉಣ್ಣೆ ಸಿಕ್ಕಿಕೊಂಡಿತ್ತು. ಹಟ್ಟಿಯವರು ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ದೋಣಿ ಕಟ್ಟುವ ಕಡೆಯೇ ತೊಳೆಯುತ್ತಾರೆ. ಏನಪ್ಪ, ಎಂಜಿನ್ನಿಗೂ ಕಂಬಳಿ ಹೊದಿಸಿದೀಯಲ್ಲ ಎಂದು ನಾನು ಹೇಳಿದ್ದಕ್ಕೆ, ಅದಕ್ಕೂ ಚಳಿ ಆಗ್ತೈತೆ ಮಕ್ಸೂದಣ್ಣ, ಆಷಾಢದ ಗಾಳಿ ಅಲ್ವ ಎಂದು ಅವನು ನಕ್ಕನು.

ನೀರಿಲ್ಲದೆ ತಿರುಗಿ ರಬ್ಬರ್ ಚಕ್ರದ ರೆಕ್ಕೆಗಳು ಮುರಿದಿದ್ದವು. ಹೊಸ ಚಕ್ರ ನನ್ನಲ್ಲಿ ಇತ್ತು. ಹಳೆಯದರ ಮುರಿದ ತುಂಡುಗಳನ್ನು ಒಂದೊಂದಾಗಿ ತೆಗೆದು ನ್ಯೂಸ್ ಪೇಪರ್ ಮೇಲೆ ಜೋಡಿಸಿದೆನು. ಹೀಗೆ ಜೋಡಿಸಿ ಎಣಿಸುವುದು ಈ ಕೆಲಸದ ಕ್ರಮ. ಒಂದು ತುಂಡು ಒಳಗೆ ಉಳಿದರೂ ಅದು ನೀರಿನ ಜೊತೆ ಮೇಲೇರಿ, ಮುಂದೆ ಎಲ್ಲೋ ದಾರಿ ಮುಚ್ಚುತ್ತದೆ. ಐದು ಸಿಕ್ಕವು. ಇಪ್ಪತ್ತು ನಿಮಿಷ ಹುಡುಕಿದೆನು. ಯತ್ತಪ್ಪನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದವನು, ಆರು ಇದ್ವಲ್ಲಣ್ಣ, ಇನ್ನೊಂದು ಎಲ್ಲೈತೆ ಎಂದು ಕೇಳಿದನು. ನಿಮ್ಮ ಹಿನ್ನೀರಿನ ಮೀನು ತಿಂದಿರ್ತದೆ ಬಿಡು ಎಂದೆನು. ಆಗ ಸಮಯ 12-50.

ಆರನೆಯದು ಮೇಲೆ ಹೋಗಿದೆಯೇ ಎಂದು ನೋಡಬೇಕಾದರೆ ಎಂಜಿನ್ನಿನ ಹೆಡ್, ಅಂದರೆ ಮೇಲಿನ ತಲೆಭಾಗ, ಬಿಚ್ಚಬೇಕಿತ್ತು. ಅದರ ಬೋಲ್ಟುಗಳು ಹಿಂದೆ ಕಡಲಿನ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಬಿಗಿದುಕೊಂಡಿರುತ್ತವೆ, ಮುರಿದರೆ ನನ್ನಿಂದ ಸರಿಮಾಡಲು ಆಗುವುದಿಲ್ಲ ಎಂಬ ಹೆದರಿಕೆ ನನಗಿತ್ತು. ಈ ಜಾತಿಯ ಎಂಜಿನ್ನಿನ ಹೆಡ್ಡನ್ನು ನಾನು ಅದುವರೆಗೆ ಒಮ್ಮೆಯೂ ಬಿಚ್ಚಿರಲಿಲ್ಲ. ಅದನ್ನು ಯತ್ತಪ್ಪನಿಗೆ ಹೇಳಲಿಲ್ಲ. ಬೇಕಾದ್ರೆ ಇಟ್ಕಳಣ್ಣ, ಮೂರು ದಿನ ಆದ್ರೂ ಆಗ್ಲಿ, ಜನ ಸುತ್ತಾಕ್ಕಂಡು ಹೋಗ್ತಾರೆ ಎಂದು ಅವನೇ ಹೇಳಿದನು. ಬೇಡ, ಏನೂ ಆಗಲ್ಲ ಎಂದು ನಾನು ಹೇಳಿದೆನು. ಜುಮ್ಮಾ ನಮಾಜಿಗೆ ಹೋಗಿ ಬಂದು ಎಂಜಿನ್ ಮುಚ್ಚಿದೆನು.

ಸಂಜೆ 4-00ಕ್ಕೆ ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಓಡಿಸಿದೆನು. ಹಿಂದಿನಿಂದ ನೀರಿನ ಎಳೆ ನಾಲ್ಕು ಅಡಿ ದೂರಕ್ಕೆ ಬಿತ್ತು. ಆ ತೂತಿಗೆ ನೀರು ಹೆಡ್ಡಿಗೆ ಹೋಗುವ ಮೊದಲೇ ಕವಲೊಡೆದು ಬರುತ್ತದೆ. ಎಳೆ ಬೀಳುತ್ತಿದ್ದರೆ ಚಕ್ರ ತಿರುಗುತ್ತಿದೆ ಎಂದಷ್ಟೇ ಅರ್ಥ. ಹೆಡ್ಡಿಗೆ ನೀರು ತಲುಪಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಇದು ನನಗೆ ತಿಳಿದಿತ್ತು. ಆದರೂ, ದೋಣಿ ನಡೆಸುವಾಗ ಆಗಾಗ ಹಿಂದಕ್ಕೆ ತಿರುಗಿ ಈ ನೀರು ನೋಡ್ತಿರು, ಇದು ಬರ್ತಿರೋವರೆಗೂ ನಿನಗೆ ಭಯ ಇಲ್ಲ ಎಂದು ಹೇಳಿ ಕಳುಹಿಸಿದೆನು. ಭಾನುವಾರ ಸಂಜೆ 6-10ಕ್ಕೆ ಅವನು ಫೋನ್ ಮಾಡಿ, ನೀರು ಬಾಣದಂಗೆ ಬೀಳ್ತೈತಣ್ಣ ಎಂದು ತಿಳಿಸಿದನು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ದೋಣಿಯಲ್ಲಿದ್ದವರಿಂದ ತಿಳಿದದ್ದು. 14-07-2025 ಸೋಮವಾರ ಬೆಳಿಗ್ಗೆ 11-20ರ ಸುಮಾರಿಗೆ, ಹಟ್ಟಿಯ ದಡದಿಂದ ಸುಮಾರು 900 ಮೀಟರ್ ದೂರದಲ್ಲಿ ಎಂಜಿನ್ ಬಿಸಿಯಾಗಿ ಹಿಡಿದುಕೊಂಡು ನಿಂತಿತು. ಗಾಳಿಗೆ ದೋಣಿ ಅಡ್ಡ ತಿರುಗಿ, ಮುಳುಗಿದ ತೋಟದ ಕಡೆ 300 ಮೀಟರ್ ತೇಲಿತು. ಅಲ್ಲಿ ಗರಿ, ಸುಳಿ ಉದುರಿ ಬೋಳಾದ ತೆಂಗಿನ ಮರಗಳು ನೀರಿನಿಂದ ಒಂದು ಗೇಣು ಮೇಲೆ, ಕೆಲವು ಒಂದು ಗೇಣು ಕೆಳಗೆ ನಿಂತಿವೆ. ಅಂಥ ಒಂದಕ್ಕೆ ತಾಗಿ ದೋಣಿ ಮಗುಚಿತು. ಯತ್ತಪ್ಪ ಸೇರಿ ಏಳು ಜನರಲ್ಲಿ ಆರು ಜನ ಮರಗಳನ್ನು ಹಿಡಿದುಕೊಂಡು ಬದುಕಿದರು. ಅದೇ ಹಟ್ಟಿಯ ಗಂಗಾ, 31 ವರ್ಷ, ಹೊಸ ಕನ್ನಡಕ ತರಲು ಹಿರಿಯೂರಿಗೆ ಹೊರಟಿದ್ದವಳು, ಮುಳುಗಿದಳು. ಮಾರನೆಯ ದಿನ ಬೆಳಿಗ್ಗೆ 7-10ಕ್ಕೆ ಶವ ಸಿಕ್ಕಿತು.

ದೋಣಿಯಲ್ಲಿದ್ದ ಯತ್ತಪ್ಪನ ಸೋದರತ್ತೆ ಕಾಟಮ್ಮ, ಅವನು ದಾರಿಯುದ್ದಕ್ಕೂ ಹಿಂದಕ್ಕೇ ನೋಡುತ್ತಿದ್ದನು ಎಂದು ಠಾಣೆಯಲ್ಲಿ ಬರೆಸಿರುತ್ತಾಳೆ. ಮುಂದೆ ನೋಡಲೇ, ಹಿಂದೆ ನಿನ್ನ ಹೆಂಡ್ತಿ ಈಜ್ಕಂಡು ಬರ್ತಾಳೇನಲೇ ಎಂದು ತಾನು ಬೈದಾಗ, ನೀರು ಬರ್ತೈತೆ ಬಿಡು ಅತ್ತೆ ಎಂದಷ್ಟೇ ಹೇಳಿದನಂತೆ. ಇದರಿಂದ ಅಜಾಗರೂಕತೆಯೆಂದು ಯತ್ತಪ್ಪನ ಮೇಲೆ ಕೇಸ್ ಆಗಿರುತ್ತದೆ.

16ರಂದು ಮಧ್ಯಾಹ್ನ 2-30ಕ್ಕೆ ಪೊಲೀಸರು ಎಂಜಿನ್ನನ್ನು ನನ್ನ ಅಂಗಡಿಗೆ ತಂದು, ಬಿಚ್ಚಿ ಕಾರಣ ಬರೆದುಕೊಡಲು ಹೇಳಿದರು. ನಾನು ಹೆದರಿದ್ದ ಬೋಲ್ಟುಗಳು ಒಂದೂ ಮುರಿಯದೆ ಬಿಚ್ಚಿಕೊಂಡವು. ಒಟ್ಟು ಒಂಬತ್ತು ನಿಮಿಷ ಹಿಡಿಯಿತು. ಹೆಡ್ಡಿನೊಳಗೆ ನೀರು ಹೋಗುವ ಬಾಯಲ್ಲಿ ಆರನೆಯ ರೆಕ್ಕೆ ಅಡ್ಡವಾಗಿ ಕುಳಿತಿತ್ತು. ಉದ್ದ 14 ಮಿಲಿಮೀಟರ್. ಜೊತೆಗಿದ್ದ ಪೇದೆಯವರು ಫೋನ್ ಬಂದು ಬಾಗಿಲ ಬಳಿ ಹೋಗಿದ್ದರು. ನಾನು ಅದನ್ನು ಇಕ್ಕಳದಿಂದ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆನು. ಅದು ಇನ್ನೂ ಒದ್ದೆಯಾಗಿತ್ತು. ನಂತರ ಮೇಲೆ ಹೇಳಿದ ಅಭಿಪ್ರಾಯ ಬರೆದು ಸಹಿ ಮಾಡಿದೆನು.

ಅಂದಿನಿಂದ ನಾನು ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ವಜೂ ಮಾಡಲು ನಲ್ಲಿ ತಿರುಗಿಸಿದರೆ ಕೈ ಒಡ್ಡುವುದು ಮರೆತು ಬೀಳುವ ನೀರನ್ನು ನೋಡುತ್ತಾ ನಿಲ್ಲುತ್ತೇನೆ. ಎಷ್ಟು ಹೊತ್ತು ಎಂದು ನನಗೆ ತಿಳಿಯುವುದಿಲ್ಲ. ಟ್ಯಾಂಕ್ ಖಾಲಿಯಾಗ್ತದೆ, ಏನು ನೋಡ್ತಿದೀರಿ ಎಂದು ಹೆಂಡತಿ ಮಹಮೂದಾ ಎರಡು ಸಲ ಕೇಳಿದಳು. ಅಂಗಡಿಯ ಡ್ರಮ್ಮನ್ನು ಬೋರಲು ಹಾಕಿದ್ದೇನೆ. ಆದರೂ ಮಧ್ಯಾಹ್ನ ಎಲ್ಲ ಯಂತ್ರಗಳು ನಿಂತಿರುವಾಗ ತಗಡಿಗೆ ನೀರು ಬೀಳುವ ಸದ್ದು ಕೇಳುತ್ತದೆ. ಎದ್ದು ಹೋಗಿ ನೋಡಿದರೆ ನೆಲ ಒಣಗಿರುತ್ತದೆ.

24ರಂದು ಬಸ್ಸಿನಲ್ಲಿ ರಸ್ತೆ ಸುತ್ತಿ 11-45ಕ್ಕೆ ತುಪ್ಪದಹಟ್ಟಿಗೆ ಹೋದೆನು. ಯತ್ತಪ್ಪನನ್ನು ಹಟ್ಟಿಯವರು ಮಾತನಾಡಿಸುತ್ತಿಲ್ಲ. ಅವನು ಕುರಿ ರೊಪ್ಪದ ಪಕ್ಕ ಕುಳಿತಿದ್ದನು. ಕಾಟಮ್ಮ ನನಗೆ ಮಜ್ಜಿಗೆ ಕೊಟ್ಟು, ಕುಂತ್ಕಳ್ರಿ ಸಾಬಣ್ಣ, ನನ್ನ ಬಾಯಿಂದ್ಲೇ ಇವನು ಹಾಳಾದ, ಹಿಂದಕ್ಕೆ ನೋಡ್ತಿದ್ದ ಅಂದೆ, ಕಂಡಿದ್ದು ಹೇಳಿದೆ, ಯಾಕೆ ನೋಡ್ತಿದ್ದ ಅಂತ ಅವರೂ ಕೇಳ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ ಎಂದಳು.

ಯತ್ತಪ್ಪ ನನ್ನ ಕೈ ಹಿಡಿದು, ನಿನ್ನ ಕೆಲಸದಾಗೆ ತಪ್ಪಿಲ್ಲಣ್ಣ, ಕೊನೇವರೆಗೂ ನೀರು ಬರ್ತಿತ್ತು, ಎಂಜಿನ್ ನಿಂತ ಮೇಲೂ ಸ್ಟಾರ್ಟ್ ಮಾಡೋ ಹಗ್ಗ ಎಳೆದೆಳೆದು ಆ ತೂತನ್ನೇ ನೋಡ್ತಿದ್ದೆ, ಮರ ಬಂದಿದ್ದು ಕಾಣ್ಲಿಲ್ಲ, ಗಂಗಾ ಕೂಗಿದ್ದೂ ಕೇಳ್ಲಿಲ್ಲ ಎಂದನು. ಲಾಯರಿಗೆ ನಿನ್ನ ಹೆಸರು ಕೊಟ್ಟಿದೀನಿ, ರಿಪೇರಿ ಸರಿಯಾಗಿ ಮಾಡಿದ್ದೆ ಅಂತ ನೀನು ಹೇಳ್ಬೇಕು, ನಿಂಗೆ ಕೆಟ್ಟ ಹೆಸರು ಬರಬಾರ್ದು ಎಂದನು. ಆರನೆಯ ರೆಕ್ಕೆಯ ಬಗ್ಗೆ ಅವನು ಕೇಳಲಿಲ್ಲ. ಕೇಳುತ್ತಾನೆಂದು ನಾನು ಹತ್ತು ನಿಮಿಷ ಕಾದೆನು. ನಂತರ 1-20ರ ಬಸ್ಸಿಗೆ ಹಿಂದಿರುಗಿದೆನು.

ಯತ್ತಪ್ಪ ಹಿಂದಕ್ಕೆ ನೋಡುತ್ತಿದ್ದದ್ದು ನಾನು ನೋಡು ಎಂದದ್ದರಿಂದ. ರಬ್ಬರ್ ತುಂಡನ್ನು ಇಂದು ಹಾಜರುಪಡಿಸಿದ್ದೇನೆ. ಕೇಸಿನಿಂದ ಅವನ ಹೆಸರನ್ನು ತೆಗೆಯಬೇಕೆಂದೂ, ನನ್ನ ಮೇಲೆ ಏನು ಕ್ರಮವಿದೆಯೋ ಅದನ್ನು ಕೈಗೊಳ್ಳಬೇಕೆಂದೂ, ಈ ಹೇಳಿಕೆಯನ್ನು ಕಾಟಮ್ಮನಿಗೂ ಗಂಗಾಳ ಮನೆಯವರಿಗೂ ಓದಿ ಹೇಳಬೇಕೆಂದೂ ಕೋರುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ಮೊದಲ ಪ್ರತಿಯಲ್ಲಿ, ಒಂದು ತುಂಡು ಒಳಗೆ ಉಳಿದಿರಬಹುದೆಂದು ಗೊತ್ತಾಗದೆ ಎಂಜಿನ್ ಮುಚ್ಚಿದೆನು ಎಂದಿತ್ತು. ಗೊತ್ತಾಗದೆ ಎಂಬುದನ್ನು ಹೊಡೆದುಹಾಕಲು ಹೇಳಿದೆನು. ಅದು ಇದ್ದರೆ ನಿಮಗೇ ಒಳ್ಳೆಯದು, ಯೋಚನೆ ಮಾಡ್ರಿ ಎಂದು ಬರೆದುಕೊಳ್ಳುತ್ತಿದ್ದವರು ಹೇಳಿದರು. ನಾನು ಎಣಿಸಿದ್ದೆ, ಐದೇ ಇದ್ದವು ಎಂದೆನು. ಆ ಮಾತು ತೆಗೆದು ಮತ್ತೆ ಬರೆದಿರುತ್ತಾರೆ. ಈಗಿರುವುದಕ್ಕೆ ಸೇರಿಸುವುದಾಗಲಿ ಬಿಡುವುದಾಗಲಿ ಏನೂ ಇಲ್ಲ.

ಸ್ಥಳ: ಹಿರಿಯೂರು
ದಿನಾಂಕ: 26-07-2025, ಮಧ್ಯಾಹ್ನ 12-40
ಸಹಿ: ಮಕ್ಸೂದ್