ಬಿಟ್ಟೆ ಎಂದ ಮೇಲೆ

ನೇಕಾರರ ಊರೊಂದರಲ್ಲಿ ಚನ್ನವೀರಪ್ಪ ಎಂಬ ಸಾಹುಕಾರನಿದ್ದ. ಮನೆ ತುಂಬ ಮಗ್ಗ, ಊರ ತುಂಬ ಹೆಸರು. ಅವನ ಗೋಡೆಗೆ ಅಂಟಿಕೊಂಡೇ ನೀಲವ್ವನ ಮನೆ. ಗಂಡ ತೀರಿದ ಮೇಲೆ ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದ ಹೆಂಗಸು. ಒಂದು ದಿನ ಅವಳು ಬಣ್ಣ ಕುದಿಸುತ್ತಿದ್ದ ಒಲೆಯ ಕಿಡಿ ಹಾರಿ ಸಾಹುಕಾರನ ಮಗ್ಗದ ಚಪ್ಪರ ಸುಟ್ಟುಹೋಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಶಿವನ ದಯೆ. ಆದರೆ ಸಾಹುಕಾರನ ಸಿಟ್ಟು ಆರಬೇಕಲ್ಲ?

ಹಿರಿಯರು ನಡುವೆ ಬಂದರು. ರಾಜಿಪತ್ರವಾಯಿತು. ನೀಲವ್ವ ತನ್ನ ಹಿತ್ತಲಲ್ಲಿ ಸಾಹುಕಾರನ ಬಂಡಿಗೆ ದಾರಿ ಬಿಡಬೇಕು. ಸಾಹುಕಾರ ಆ ಬೆಂಕಿಯ ಬಗ್ಗೆ ಇನ್ನೆಂದೂ ಏನನ್ನೂ ಕೇಳಬಾರದು. ಅವನೇ ಓದಿ, ತಿಳಿದು ಸಹಿ ಹಾಕಿದ. ನೀಲವ್ವ ಮರುದಿನವೇ ಮಲ್ಲಿಗೆ ಬಳ್ಳಿ ಕಿತ್ತು ದಾರಿ ಬಿಟ್ಟಳು.

ಮುಗಿಯಿತಲ್ಲವೇ? ಮುಗಿಯಲಿಲ್ಲ ನೋಡಿ. ಕಟ್ಟೆಯ ಮೇಲೆ ಕುಳಿತವರೊಬ್ಬರು, "ಇಷ್ಟಕ್ಕ ಬಿಟ್ಟುಬಿಟ್ರೇನ್ರಿ ಸಾಹುಕಾರ್ರ? ಇಡೀ ಜಾಗಾನ ಬರ್ತಿತ್ತಲ್ರೀ" ಎಂದರು. ಆ ಮಾತು ಹುಳದಂತೆ ಸಾಹುಕಾರನ ತಲೆ ಹೊಕ್ಕಿತು. ಸಹಿ ಮಾಡುವಾಗ ನನ್ನ ಮನಸ್ಸು ನೆಟ್ಟಗಿರಲಿಲ್ಲ ಎಂದು ಕೋರ್ಟಿಗೆ ಹೋದ. ಬೆಂಕಿಯ ನಷ್ಟಕ್ಕೆ ಅವಳ ಮನೆಯನ್ನೇ ಕೇಳಿದ.

ನೀಲವ್ವನಿಗೆ ಅನ್ನ ಸೇರದಾಯಿತು. "ದಾರಿನೂ ಹೋತು, ಈಗ ಮನೀನೂ ಹೋಗತೈತೇನು?" ಎಂದು ಒಲೆಯ ಮುಂದೆ ಒಬ್ಬಳೇ ಮಾತಾಡಿಕೊಳ್ಳುವಳು.

ವಿಚಾರಣೆಯ ದಿನ ಬಂತು. ನ್ಯಾಯಾಧೀಶರು ಸಾಹುಕಾರನನ್ನು ಕೇಳಿದರು: "ನಿಮ್ಮನ್ನ ಯಾರಾದ್ರೂ ಹೆದರಿಸಿದ್ರಾ?"

"ಇಲ್ರಿ."

"ಈ ಅಮ್ಮ ಏನಾದ್ರೂ ಮುಚ್ಚಿಟ್ಟು ಮೋಸ ಮಾಡಿದ್ರಾ?"

"ಇಲ್ರಿ ಸಾಹೇಬ್ರ."

"ಅವರು ಬಿಟ್ಟ ದಾರಿ ಏನಾಯ್ತು?"

ಸಾಹುಕಾರ ತಲೆ ತಗ್ಗಿಸಿದ. "ಬಂಡಿ ಅಡ್ಡಾಡತಾವ್ರಿ."

"ಅವರು ಕೊಟ್ಟಿದ್ದೂ ಬೇಕು, ನೀವು ಬಿಟ್ಟಿದ್ದೂ ವಾಪಸ್ ಬೇಕು. ಹೇಗ್ರೀ ಆಗತ್ತೆ? ಹೆದರಿಸಿ ಬರೆಸಿಕೊಂಡಿದ್ರೆ ಈ ಪತ್ರ ನಿಲ್ತಾ ಇರಲಿಲ್ಲ. ನೀವು ತಿಳಿದು ಒಪ್ಪಿದ್ದೀರಿ. ಬಿಟ್ಟಿದ್ದು ಬಿಟ್ಟ ಹಾಗೇ."

ದಾವೆ ವಜಾ ಆಯಿತು. ನೀಲವ್ವ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು, ಸೆರಗು ಬಾಯಿಗಿಟ್ಟು ಅತ್ತಳು, ನಕ್ಕಳು. ಸಾಹುಕಾರ ಬಂದದ್ದು ಕಂಡು ಏಳಹೋದಳು.

"ಕೂಡವ್ವ, ಕೂಡು. ಖರೇ ಹೇಳಲೇನು? ದಿನಾ ಎದ್ದಕೂಡಲೆ ನಿನ್ನ ಮನೀ ಗ್ವಾಡಿ ನೋಡಿ ಹೊಟ್ಟಿ ಉರೀತಿತ್ತು. ಇನ್ನ ಕೇಳೂದೇನೂ ಉಳೀಲಿಲ್ಲ, ಇವತ್ತ ಹಗುರಾತು."

"ಹಗುರಾಗಾಕ ಕೋರ್ಟ ಬೇಕಾತೇನ್ರಿ ಯಜಮಾನ್ರ?" ಎಂದಳು ನೀಲವ್ವ. ಅವನಿಗೂ ನಗು ಬಂತು.

ತಾಯಂದಿರೇ, ಅಣ್ಣಂದಿರೇ, ಕೋರ್ಟಿನಲ್ಲಿ ನಿಂತ ಮಾತು ನಿಮ್ಮ ಅಡುಗೆಮನೆಯಲ್ಲಿ ನಿಲ್ಲುತ್ತದೆಯೇ? ಸೊಸೆಗೆ "ಹೋಗಲಿ ಬಿಡು" ಎನ್ನುತ್ತೀರಿ. ಸಾರಿಗೆ ಉಪ್ಪು ಹೆಚ್ಚಾದರೆ ಮದುವೆ ದಿನದ ಮಾತು ತೆಗೆಯುತ್ತೀರಿ. ಒಡಹುಟ್ಟಿದ ತಮ್ಮ "ತಪ್ಪಾಯಿತು" ಎಂದು ಕಾಲಿಗೆ ಬಿದ್ದಾಗ ಆ ನಮಸ್ಕಾರ ತೆಗೆದುಕೊಂಡಿರಿ. ಸಿಟ್ಟು ಬಿಟ್ಟುಕೊಟ್ಟಿರಾ? ಯಾರೋ ಬಾಯಿ ಮುಚ್ಚಿಸಿ ಒಪ್ಪಿಸಿದ್ದರೆ ಅದು ಕ್ಷಮೆಯಲ್ಲ. ಎದುರಿಗೆ ಕೂತು ನೋವು ಹೇಳಿ. ಆದರೆ ಮನಸಾರೆ ಬಿಟ್ಟೆ ಎಂದಿರೋ, ಮತ್ತೆ ಕೆದಕಬೇಡಿ. ಇವತ್ತು ಊಟಕ್ಕೆ ಕೂತಾಗ ಹಳೆಯ ಮಾತೊಂದು ನಾಲಿಗೆ ತುದಿಗೆ ಬರುತ್ತದೆ. ಬಂದೇ ಬರುತ್ತದೆ. ತುತ್ತಿನ ಜೊತೆ ಅದನ್ನೂ ನುಂಗಿಬಿಡಿ, ಇನ್ನೊಂದು ರೊಟ್ಟಿ ಕೇಳಿ.