ಬೆಂಚಿನ ಮೇಲಿನ ಪ್ರವಾಸ

ಲೈಟ್‌ಹೌಸ್ ಹತ್ತುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ತಾಯಿ, ಮಗ ನಿಂತಿದ್ದರು.

“ಅಮ್ಮಾ, ನೀನು ಆ ಬೆಂಚಲ್ಲಿ ಕೂತು ಬ್ಯಾಗ್ ನೋಡ್ಕೋ. ನಾನು ಹತ್ತಿ ಬರ್ತೀನಿ.”

“ಇವತ್ತು ಆಗಲ್ಲ.”

“ಮಂಡಿ ನೋವು ಅಂತಿದ್ದೆ?”

“ಮಂಡಿ ನಂದು, ನೋವೂ ನಂದು. ನಿಂಗೇನು?”

“ಮೇಲೇನಿದೆ ಮಹಾ? ಫೋಟೋ ತೋರಿಸ್ತೀನಿ ಬಿಡು.”

“ಕೋಟೆದೂ ಫೋಟೋ ತೋರಿಸ್ದೆ, ಅರಮನೆದೂ ಫೋಟೋ ತೋರಿಸ್ದೆ. ಹೋದಲ್ಲೆಲ್ಲಾ ನಾನು ಕಣ್ಣಾರೆ ನೋಡಿದ್ದು ನಿನ್ನ ಬ್ಯಾಗು ಮಾತ್ರ.”

“ಅರ್ಧಕ್ಕೇ ಸುಸ್ತಾದ್ರೆ?”

“ಅಲ್ಲೇ ಕೂತ್ಕೋತೀನಿ. ಬೆಂಚಿಗಿಂತ ಎತ್ತರ ತಾನೇ?”

“ಮತ್ತೆ ಬ್ಯಾಗ್ ಯಾರು ನೋಡ್ಕೋತಾರೆ?”

ಆಕೆ ಕೈಲಿದ್ದ ಎರಡೂ ಬ್ಯಾಗುಗಳನ್ನು ಮಗನ ಹೆಗಲಿಗೆ ನೇತುಹಾಕಿ, ಅವನ ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡು ಮೆಟ್ಟಿಲು ಹತ್ತತೊಡಗಿದರು. ತಿರುವಿನಾಚೆಯಿಂದ ದನಿ ಕೇಳಿಸಿತು:

“ಕೂತಿರು. ಬಂದು ಫೋಟೋ ತೋರಿಸ್ತೀನಿ.”