ಯಾರೂ ಒತ್ತದ ಬಟನ್

ವಿಚಾರಣೆ ಕೋಣೆಯೊಳಗೆ ನರ್ಸ್ ಸೊಸೆ; ಹೊರಗಿನ ಬೆಂಚಿನಲ್ಲಿ ಅವಳ ಚೀಲ ಹಿಡಿದು ಕೂತ ಅತ್ತೆ. ಪಕ್ಕದಲ್ಲೇ, ಆಸ್ಪತ್ರೆಯ ಸಾಫ್ಟ್‌ವೇರ್ ಬರೆದ ಹುಡುಗಿ ತನ್ನ ಮೇಲಧಿಕಾರಿಯ ಹತ್ತಿರ ಪಿಸುಗುಡುತ್ತಿದ್ದಳು.

“‘ಔಷಧಿ ಕೊಟ್ಟಾಯ್ತು’ ಬಟನ್ ಯಾರೂ ಒತ್ತಿಲ್ಲ ಸರ್. ಪಾಳಿ ಬದಲಾಗೋವಾಗ ಎಲ್ಲಾ ಸೇವ್ ಆಗ್ಲಿ ಅಂತ, ಒತ್ತಿದಾಗ ಹೊರಡೋ ಸಿಗ್ನಲ್‌ನ ನನ್ನ ಕೋಡೇ ಕಳಿಸ್ತು.”

“ಬರೀ ಸೇವ್ ಮಾಡೋ ಕೋಡ್ ಬೇರೆ ಇತ್ತಲ್ಲಮ್ಮ, ನೇರ ಅದನ್ನೇ ಓಡಿಸಬಾರ್ದಿತ್ತಾ?”

“ಬಟನ್ ಸಿಗ್ನಲ್ ಹೋದ್ರೆ ಸೇವೂ ಆಗುತ್ತೆ, ಒಂದೇ ಸಾಲಿನ ಕೋಡಲ್ಲಿ ಮುಗಿಯುತ್ತೆ ಅನ್ಕೊಂಡೆ.”

“ಬೆರಳು ಒತ್ತಿದ್ರೆ ಮಾತ್ರ ಬಟನ್ ಬಾಯಿ ಬಿಡ್ಬೇಕು. ನೀನು ಅದರ ಬಾಯಲ್ಲಿ ಸುಳ್ಳು ಹೇಳಿಸ್ದೆ.”

“ದಾಖಲೆಯಲ್ಲಿ ಆ ನರ್ಸ್ ಹೆಸರು ಬಿದ್ದಿದೆ. ಕೊಟ್ಟಾಯ್ತು ಅಂತ ನೋಡಿ ಮುಂದಿನ ಪಾಳಿಯವರು ಔಷಧಿ ಕೊಡ್ಲೇ ಇಲ್ಲ.”

“ರೋಗಿ?”

“ಐಸಿಯುನಲ್ಲಿದ್ದಾರೆ.”

“ಇನ್ನೇನು ನೋಡ್ತಾ ಕೂತಿದ್ದೀಯ? ಏಳು, ಒಳಗೆ ಹೋಗಿ ಹೇಳೋಣ.”

“ನನ್ನ ಕೆಲಸ ಹೋಗುತ್ತೆ ಸರ್.”

“ಹೋಗಬಹುದು. ಏಳು.”

ಇಬ್ಬರೂ ಬಾಗಿಲು ತಟ್ಟಿ ಒಳಹೋದರು.

“ಕಂಪ್ಯೂಟರ್ ಸುಳ್ಳು ಹೇಳುತ್ತಾ? ನೀನೇ ಒತ್ತಿ ಮರ್ತಿದ್ದೀಯ” ಎಂದು ಮೂರು ದಿನದಿಂದ ಸೊಸೆಯನ್ನು ಚುಚ್ಚುತ್ತಿದ್ದ ಅತ್ತೆ, ಅವಳ ಚೀಲವನ್ನು ಎದೆಗವಚಿಕೊಂಡರು. ಅವಳು ಹೊರಬಂದರೆ ಯಾವ ಮುಖ ಇಟ್ಟುಕೊಂಡು ನೋಡುವುದು?